ಮಾರಿಕಣಿವೆಯ ಬಂಡೆ, ದೆಹಲಿಯ ಸೆಕೆಂಡು

ನೆಲದ ಅದುರನ್ನು ದಾಖಲಿಸುವ ಯಂತ್ರ ಎರಡು ಸಂಗತಿಗಳನ್ನು ಬರೆದಿಡಬೇಕಾಗುತ್ತದೆ: ನೆಲ ಎಷ್ಟು ಅಲುಗಿತು ಎಂಬುದು ಒಂದು, ಯಾವ ಕ್ಷಣದಲ್ಲಿ ಅಲುಗಿತು ಎಂಬುದು ಇನ್ನೊಂದು. ಮೊದಲನೆಯದನ್ನು ಅಳೆಯುವ ಉಪಕರಣಗಳ ಬಗ್ಗೆ ಪುಟಗಟ್ಟಲೆ ಬರೆಯುವವರು ಎರಡನೆಯದನ್ನು ಗಡಿಯಾರದ ಕೆಲಸವೆಂದು ಒಂದು ಸಾಲಿನಲ್ಲಿ ಮುಗಿಸಿಬಿಡುವುದೇ ಹೆಚ್ಚು. ಆದರೆ ಭೂಕಂಪದ ಕೇಂದ್ರ ಎಲ್ಲಿತ್ತು, ನೆಲದೊಳಗಿನ ಪದರ ಎಷ್ಟು ಆಳದಲ್ಲಿದೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಮುಖ್ಯವಾಗಿ ಅಲೆ ಬಂದು ಮುಟ್ಟಿದ ಹೊತ್ತಿನಿಂದಲೇ ಆದ್ದರಿಂದ, ಹೊತ್ತು ಕೆಟ್ಟ ದಾಖಲೆ ಎಷ್ಟೇ ಸೊಗಸಾಗಿ ಕಂಡರೂ ಅದರಿಂದ ಈ ಕೆಲಸಕ್ಕೆ ಉಪಯೋಗವಿಲ್ಲ. ಉಪಗ್ರಹಗಳು ಸಮಯ ಹೇಳತೊಡಗುವ ಮೊದಲು ಈ ಹೊತ್ತನ್ನು ಬಹುಮಟ್ಟಿಗೆ ಶಾರ್ಟ್‌ವೇವ್ ರೇಡಿಯೊದಿಂದ ಹಿಡಿಯಲಾಗುತ್ತಿತ್ತು, ಮತ್ತು ಆ ವಿಧಾನದಲ್ಲಿದ್ದ ಶಿಸ್ತು ಇಂದಿನ ಕಂಪ್ಯೂಟರ್ ದಾಖಲೆ ಯಂತ್ರಗಳಿಗೂ ಅಷ್ಟೇ ಅಗತ್ಯವಾಗಿ ಉಳಿದಿದೆ.

ಒಂದು ಸೆಕೆಂಡಿನ ತಪ್ಪು ದೊಡ್ಡದೋ ಚಿಕ್ಕದೋ ಎಂಬುದು ಅಳೆಯುವ ವಸ್ತುವಿನ ಮೇಲೆ ನಿಂತಿದೆ. ಹಿರಿಯೂರಿನ ಬಳಿಯ ಮಾರಿಕಣಿವೆಯ ಅಣೆಕಟ್ಟಿನಲ್ಲಿ ನೀರಿನ ಮಟ್ಟವನ್ನು ಅಡಿಗಳಲ್ಲಿ ಬರೆದಿಡುವ ಪುಸ್ತಕಕ್ಕೆ ಹತ್ತು ನಿಮಿಷದ ವ್ಯತ್ಯಾಸವೂ ಲೆಕ್ಕಕ್ಕಿಲ್ಲ. 1933ರಲ್ಲಿ ಮೊದಲು ತುಂಬಿದ ಅಲ್ಲಿನ ಜಲಾಶಯ ವಾಣಿವಿಲಾಸ ಸಾಗರ ಎಂಬತ್ತೊಂಬತ್ತು ವರ್ಷಗಳ ಬಳಿಕ 2022ರಲ್ಲಿ 130 ಅಡಿ ಮುಟ್ಟಿ ಮತ್ತೆ ಕೋಡಿ ಬಿದ್ದಾಗ, ಅದು ಬೆಳಗಿನ ಹೊತ್ತೋ ರಾತ್ರಿಯೋ ಎಂದು ತಿಳಿದರೆ ಸಾಕಾಗಿತ್ತು. ಚಿತ್ರದುರ್ಗದ ಸುತ್ತಿನ ಗುಡ್ಡಸಾಲುಗಳ ಮೇಲೆ ತಿರುಗುವ ಗಾಳಿಯಂತ್ರಗಳ ದಾಖಲೆಯಲ್ಲಿ ಗಾಳಿಯ ವೇಗವನ್ನು ಹತ್ತು ಹತ್ತು ನಿಮಿಷಗಳ ಸರಾಸರಿಯಾಗಿ ಬರೆಯುವುದು ರೂಢಿಯಾದ್ದರಿಂದ, ಅಲ್ಲಿಯೂ ಸೆಕೆಂಡು ಅಷ್ಟಾಗಿ ಕಾಡದು. ಅದೇ ಗುಡ್ಡದ ಬುಡದ ಬಂಡೆಯಲ್ಲಿ ಸಾಗುವ ಕಂಪನದ ಅಲೆಯಾದರೋ ಸೆಕೆಂಡಿಗೆ ಸುಮಾರು 6 ಕಿಲೋಮೀಟರು ಓಡುತ್ತದೆ. ಹೀಗಾಗಿ ಒಂದು ಸೆಕೆಂಡಿನ ತಪ್ಪೆಂದರೆ ಸ್ಥಳದಲ್ಲಿ 6 ಕಿಲೋಮೀಟರಿನ ತಪ್ಪು, ಸೆಕೆಂಡಿನ ನೂರನೇ ಒಂದು ಭಾಗವೆಂದರೆ 60 ಮೀಟರು.

ಮಾರಿಕಣಿವೆಯ ಬಂಡೆಗೆ ಭೂವಿಜ್ಞಾನದಲ್ಲಿ ತನ್ನದೇ ಆದ ಸ್ಥಾನವಿದೆ. ವೇದಾವತಿ ನದಿ ಗುಡ್ಡಗಳ ಸಾಲನ್ನು ಸೀಳಿಕೊಂಡು ಹೊರಬೀಳುವ ಇಕ್ಕಟ್ಟಿನಲ್ಲಿ ಮೈಸೂರು ಸಂಸ್ಥಾನ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟು ನಿಂತಿದ್ದು, ಹಿಂದಿನ ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೂ ಚಾಚಿಕೊಂಡಿದೆ. ಆ ಗುಡ್ಡಗಳು ಚಿತ್ರದುರ್ಗ ಶಿಲಾಪಟ್ಟಿಯೆಂದು ಕರೆಯಲಾಗುವ, 250 ಕೋಟಿ ವರ್ಷಗಳಿಗಿಂತಲೂ ಹಳೆಯದಾದ ಪದರುಗಲ್ಲುಗಳ ಉದ್ದನೆಯ ಪಟ್ಟಿಗೆ ಸೇರಿದವು. ಆ ಪಟ್ಟಿಯ ಶಿಲಾಸ್ತರಗಳನ್ನು ವಾಣಿವಿಲಾಸ, ಇಂಗಳದಾಳು, ಹಿರಿಯೂರು ಎಂದು ಇಲ್ಲಿನ ಹೆಸರುಗಳಿಂದಲೇ ವಿಂಗಡಿಸಲಾಗಿದೆ. ಈ ಪಟ್ಟಿ ಎಷ್ಟು ಆಳಕ್ಕೆ ಇಳಿದಿದೆ, ಅದರ ಕೆಳಗೆ ಭೂಮಿಯ ತೊಗಟೆ ಎಷ್ಟು ದಪ್ಪಗಿದೆ ಎಂಬುದನ್ನು ತಿಳಿಯಲು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1972ರಿಂದ 1975ರ ಅವಧಿಯಲ್ಲಿ ಆಂಧ್ರದ ಕರಾವಳಿಯ ಕಾವಲಿಯಿಂದ ನಮ್ಮ ಉಡುಪಿಯವರೆಗೆ ಸುಮಾರು 600 ಕಿಲೋಮೀಟರು ಉದ್ದದ ಕಂಪನ ಸಮೀಕ್ಷೆಯನ್ನು ನಡೆಸಿತು. ನಕ್ಷೆಯಲ್ಲಿ ಈ ಎರಡು ಊರುಗಳನ್ನು ಗೆರೆಯೆಳೆದು ಜೋಡಿಸಿದರೆ ಅದು ಹಿರಿಯೂರು, ಹೊಸದುರ್ಗಗಳ ಆಸುಪಾಸಿನಲ್ಲೇ ಹಾಯುತ್ತದೆ. ನೆಲದಲ್ಲಿ ಸಿಡಿಮದ್ದು ಸಿಡಿಸಿ, ಅದರಿಂದೆದ್ದ ಅಲೆ ಆಳದ ಪದರಗಳಿಗೆ ತಾಗಿ ಮರಳಿ ಬರಲು ಹಿಡಿದ ಹೊತ್ತನ್ನು ಸಾಲಾಗಿ ನೆಟ್ಟ ಕಂಪನಗ್ರಾಹಿಗಳಿಂದ ಅಳೆಯುವುದು ಈ ಸಮೀಕ್ಷೆಯ ತಿರುಳು. ಆ ಗೆರೆಯುದ್ದಕ್ಕೂ ತೊಗಟೆಯ ದಪ್ಪ 34ರಿಂದ 41 ಕಿಲೋಮೀಟರು ಎಂದು ಅದರಿಂದ ಹೊರಬಿತ್ತು. ಮರಳಿ ಬಂದ ಅಲೆಯ ಹೊತ್ತಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದ್ದರೆ ಆಳದ ಲೆಕ್ಕದಲ್ಲಿ 300 ಮೀಟರಿಗೂ ಹೆಚ್ಚಿನ ತಪ್ಪು ಸೇರಿಕೊಳ್ಳುತ್ತದೆ.

ಇಂಥ ಸಮೀಕ್ಷೆಗಳಲ್ಲಿ ಸಿಡಿತದ ಕ್ಷಣ ಮನುಷ್ಯರ ಕೈಯಲ್ಲೇ ಇರುವುದರಿಂದ ಅದನ್ನು ರೇಡಿಯೊ ಮೂಲಕ ದಾಖಲೆಯ ತಂಡಕ್ಕೆ ನೇರವಾಗಿ ತಲುಪಿಸಬಹುದು. ಭೂಕಂಪಕ್ಕೆ ಅಂಥ ಸೌಜನ್ಯವಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಈ ನಾಲ್ಕು ಊರುಗಳಲ್ಲಿ ನಾಲ್ಕು ದಾಖಲೆ ಯಂತ್ರಗಳನ್ನು ಇಟ್ಟಿದೆ ಎಂದಿಟ್ಟುಕೊಂಡರೆ, ಊರಿನಿಂದೂರಿಗೆ ಇರುವ 30ರಿಂದ 50 ಕಿಲೋಮೀಟರುಗಳ ದೂರವನ್ನು ಅಲೆ ಐದರಿಂದ ಎಂಟು ಸೆಕೆಂಡುಗಳಲ್ಲಿ ದಾಟುತ್ತದೆ, ಮತ್ತು ಕೇಂದ್ರದ ಸ್ಥಾನವನ್ನು ಕಂಡುಹಿಡಿಯುವುದೆಂದರೆ ಈ ಕೆಲವೇ ಸೆಕೆಂಡುಗಳ ವ್ಯತ್ಯಾಸವನ್ನು ಲೆಕ್ಕ ಹಾಕುವುದೇ ಆಗಿರುತ್ತದೆ. ನಾಲ್ಕರಲ್ಲಿ ಒಂದರ ಗಡಿಯಾರ ಎರಡು ಸೆಕೆಂಡು ಹಿಂದೆ ಬಿದ್ದಿದ್ದರೆ, ಜಲಾಶಯದ ನಡುವಿನಲ್ಲಿ ಹುಟ್ಟಿದ ಕಂಪನ ಲೆಕ್ಕದಲ್ಲಿ ಯಾವುದೋ ಊರಿನ ಹೊಲಕ್ಕೆ ಹೋಗಿ ಕೂರಬಹುದು. ಇದು ಬರಿಯ ಪುಸ್ತಕದ ಚಿಂತೆಯೂ ಅಲ್ಲ: ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಬಳಿ 1967ರ ಡಿಸೆಂಬರ್ 11ರಂದು ದೊಡ್ಡ ಭೂಕಂಪವಾದ ಮೇಲೆ, ತುಂಬಿದ ನೀರಿಗೂ ಕೆಳಗಿನ ಬಿರುಕುಗಳ ಜಾರಿಕೆಗೂ ಇರುವ ಸಂಬಂಧ ಜಗತ್ತಿನ ಗಮನಕ್ಕೆ ಬಂದು, ಕಂಪನ ಹುಟ್ಟಿದ್ದು ನೀರಿನ ಕೆಳಗೋ ಬೇರೆಡೆಯೋ ಎಂಬುದನ್ನು ಖಚಿತವಾಗಿ ಹೇಳಬೇಕಾದ ಹೊಣೆ ವಿಜ್ಞಾನಿಗಳ ಮೇಲೆ ಬಿತ್ತು.

ಕರ್ನಾಟಕದಲ್ಲಿ ಕಂಪನದ ಮೂಲವನ್ನು ಗುರುತಿಸುವ ಹೊಣೆಯನ್ನು ದೊಡ್ಡ ಪ್ರಮಾಣದಲ್ಲಿ ನಿರ್ವಹಿಸಿದ ಸ್ಥಳ ಹಿರಿಯೂರಿನಿಂದ ನೇರ ಗೆರೆಯಲ್ಲಿ ಸುಮಾರು 100 ಕಿಲೋಮೀಟರು ದೂರದ ಗೌರಿಬಿದನೂರು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸೇರಿದ ಅಲ್ಲಿನ ಕಂಪನ ಕೇಂದ್ರ 1965ರಲ್ಲಿ ಬ್ರಿಟನ್ನಿನ ಸಹಕಾರದಿಂದ ನೆಲೆಗೊಂಡಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗ ಇವು ಅದರ ಜೊತೆಗಾರ ಕೇಂದ್ರಗಳು. ಲಂಬಕೋನದಲ್ಲಿ ಸೇರುವ ಎರಡು ಸಾಲುಗಳಲ್ಲಿ ಹತ್ತು ಹತ್ತರಂತೆ ಇಪ್ಪತ್ತು ಕಂಪನಮಾಪಕಗಳನ್ನು ಎರಡು ಕಿಲೋಮೀಟರುಗಳಿಗೂ ಹೆಚ್ಚಿನ ಅಂತರದಲ್ಲಿ ನೆಟ್ಟು, ಅವೆಲ್ಲವುಗಳ ಸಂಕೇತಗಳನ್ನು ಒಂದೇ ಪ್ರಯೋಗಾಲಯಕ್ಕೆ ತಂದು ಕಾಂತೀಯ ಟೇಪಿನ ಮೇಲೆ ಅಕ್ಕಪಕ್ಕದಲ್ಲಿ ಬರೆಸಿ, ಅದೇ ಟೇಪಿನಲ್ಲಿ ಸಮಯದ ಸಂಕೇತಕ್ಕೂ ಒಂದು ಜಾಡನ್ನು ಬಿಟ್ಟುಕೊಡಲಾಗಿತ್ತು. ದೂರದ ಅಣುಸ್ಫೋಟವನ್ನು ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಈ ಕೇಂದ್ರದ ಮೂಲ ಉದ್ದೇಶವಾಗಿದ್ದುದರಿಂದ, ಪೋಖರಣದಲ್ಲಿ ನಡೆದ ಪರೀಕ್ಷೆಯ ಅಲೆ ಸುಮಾರು 1600 ಕಿಲೋಮೀಟರು ದಾಟಿ ಗೌರಿಬಿದನೂರನ್ನು ಮುಟ್ಟಲು ಹಿಡಿಯುವ ಮೂರು ನಿಮಿಷಕ್ಕೂ ಮಿಕ್ಕ ಅವಧಿಯನ್ನು ಸೆಕೆಂಡಿನ ಸಣ್ಣ ಭಾಗಗಳವರೆಗೆ ಅಳೆಯುವ ಅಗತ್ಯವಿತ್ತು. ಒಂದೇ ಟೇಪು, ಒಂದೇ ಗಡಿಯಾರ ಎಂಬ ವ್ಯವಸ್ಥೆಯ ಗುಣವೆಂದರೆ, ಗಡಿಯಾರವೇ ತಪ್ಪಿದ್ದರೂ ಇಪ್ಪತ್ತು ಮಾಪಕಗಳ ನಡುವಿನ ವ್ಯತ್ಯಾಸ ಸರಿಯಾಗಿಯೇ ಉಳಿಯುತ್ತದೆ. ಜಗತ್ತಿನ ಉಳಿದ ಕೇಂದ್ರಗಳೊಡನೆ ಹೋಲಿಸುವಾಗ ಮಾತ್ರ ಹೊರಗಿನ ಸಮಯ ಬೇಕಾಗುತ್ತದೆ. ಪ್ರತಿ ಊರಿನಲ್ಲೂ ಬೇರೆ ಬೇರೆ ಯಂತ್ರವಿಡುವವರಿಗೆ ಈ ಅನುಕೂಲವಿಲ್ಲ.

ಯಂತ್ರದೊಳಗಿನ ಗಡಿಯಾರ ಯಾಕೆ ತಪ್ಪುತ್ತದೆ ಎಂಬುದಕ್ಕೆ ಉತ್ತರ ಕ್ವಾರ್ಟ್ಸ್ ಹರಳಿನಲ್ಲಿದೆ. ಕಂಪ್ಯೂಟರು ಆರಿರುವಾಗಲೂ ದಿನಾಂಕವನ್ನು ಕಾಯ್ದಿಡುವ ಗಡಿಯಾರದಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಕಿರುಹರಳು ಇರುತ್ತದೆ. ಕೈಗಡಿಯಾರದಲ್ಲಿ ಇರುವುದೂ ಇದೇ. ಹರಳು ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ಗಡಿಯಾರ ದಿನಕ್ಕೆ 86 ಮಿಲಿಸೆಕೆಂಡು ಸರಿಯುತ್ತದೆ, ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದ ಒಂದು ಭಾಗ. ಮಾಮೂಲಿ ಹರಳುಗಳಲ್ಲಿ ಇಪ್ಪತ್ತು ಪಾಲಿನವರೆಗೂ ತಪ್ಪು ಸಾಮಾನ್ಯವಾದ್ದರಿಂದ ದಿನಕ್ಕೆ ಒಂದೂವರೆ ಸೆಕೆಂಡಿಗೂ ಹೆಚ್ಚು ಜಾರುವುದು ಅಚ್ಚರಿಯಲ್ಲ. ಇದಕ್ಕಿಂತ ತೊಡಕಿನದು ಬಿಸಿಲು. ಈ ಜಾತಿಯ ಹರಳನ್ನು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸರಿಯಾಗಿ ಓಡುವಂತೆ ಕತ್ತರಿಸಿರುತ್ತಾರೆ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ಅದು ನಿಧಾನವಾಗುತ್ತದೆ, ಮತ್ತು ಆ ನಿಧಾನ ಉಷ್ಣತೆಯ ವ್ಯತ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಹಿರಿಯೂರಿನ ಬೇಸಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಉಷ್ಣತೆ 40 ಡಿಗ್ರಿಯಲ್ಲೇ ನಿಂತರೆ ಈ ಒಂದೇ ಕಾರಣದಿಂದ ಗಡಿಯಾರ ದಿನಕ್ಕೆ ಸುಮಾರು 0.66 ಸೆಕೆಂಡು, ತಿಂಗಳಿಗೆ 20 ಸೆಕೆಂಡು ಹಿಂದೆ ಬೀಳುತ್ತದೆ. ಹಗಲು ಕಾದು ರಾತ್ರಿ ಆರುವ ಪೆಟ್ಟಿಗೆಯಲ್ಲಿ ಆ ಜಾರಿಕೆಯೂ ಒಂದೇ ಸಮನೆ ಇರುವುದಿಲ್ಲ.

ಕಂಪ್ಯೂಟರು ಓಡುತ್ತಿರುವಾಗ ಅದು ನೋಡುವುದು ಇನ್ನೊಂದು ಗಡಿಯಾರವನ್ನು. ಹಳೆಯ ಡಾಸ್ ವ್ಯವಸ್ಥೆಯ ಕಂಪ್ಯೂಟರುಗಳಲ್ಲಿ ಈ ಒಳಗಡಿಯಾರ ಸೆಕೆಂಡಿಗೆ 18.2 ಸಲ ಮಾತ್ರ ಮುಂದಡಿಯಿಡುತ್ತಿತ್ತು, ಅಂದರೆ ಎರಡು ಹೆಜ್ಜೆಗಳ ನಡುವೆ 55 ಮಿಲಿಸೆಕೆಂಡುಗಳ ಕುರುಡು; ಡಿಸ್ಕಿಗೆ ಬರೆಯುವಂಥ ಕೆಲಸದಲ್ಲಿ ಯಂತ್ರ ಮುಳುಗಿದ್ದರೆ ಕೆಲವು ಹೆಜ್ಜೆಗಳು ಎಣಿಕೆಗೇ ಸಿಗದೆ ಕಳೆದುಹೋಗುತ್ತಿದ್ದುವು. ಇದರ ಮೇಲೆ, ಕಂಪನಮಾಪಕದ ವಿದ್ಯುತ್ತನ್ನು ಸೆಕೆಂಡಿಗೆ ನೂರು ಸಲ ಅಳೆದು ಅಂಕೆಯಾಗಿಸುವ ಬಿಲ್ಲೆಗೆ ಮೂರನೆಯದೊಂದು ಹರಳು ಇರಬಹುದು. ಮೂರು ಹರಳು ಮೂರು ದಾರಿ ಹಿಡಿದಿರುವಾಗ ತೆರೆಯ ಮೇಲೆ ಸಮಯವನ್ನು ದಶಮಾಂಶದ ಆರು ಸ್ಥಾನಗಳವರೆಗೆ ಮುದ್ರಿಸುವುದು ಕಂಪ್ಯೂಟರಿಗೆ ಏನೇನೂ ಕಷ್ಟವಲ್ಲ. ನೋಡುವವರು ಅದನ್ನು ನಂಬಿಬಿಡುವುದೇ ತೊಂದರೆ.

ಹೊರಗಿನಿಂದ ಸರಿಯಾದ ಸೆಕೆಂಡನ್ನು ತಂದುಕೊಡುವ ಕೆಲಸಕ್ಕೆ ಭಾರತದಲ್ಲಿ ದಶಕಗಳ ಕಾಲ ಇದ್ದದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎಟಿಎ ಎಂಬ ರೇಡಿಯೊ ಕೇಂದ್ರ. ಹಾಡಿಲ್ಲದ, ವಾರ್ತೆಯಿಲ್ಲದ ಈ ಕೇಂದ್ರ 5, 10 ಮತ್ತು 15 ಮೆಗಾಹರ್ಟ್ಸ್ ಕಂಪನಾಂಕಗಳಲ್ಲಿ ಸೆಕೆಂಡಿಗೊಂದು ಟಿಕ್ ಸದ್ದನ್ನು ಹೊರಡಿಸುತ್ತಿತ್ತು. ಪ್ರತಿಯೊಂದು ಟಿಕ್ಕೂ ಸಾವಿರ ಹರ್ಟ್ಸ್ ನಾದದ ಐದು ಅಲೆಗಳು ಮಾತ್ರ, ಅಂದರೆ ಐದು ಮಿಲಿಸೆಕೆಂಡು. ನಿಮಿಷ ಆರಂಭವಾದಾಗ ಸದ್ದು ನೂರು ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿತ್ತು. ಆಕಾಶವಾಣಿಯ ವಾರ್ತೆಗೆ ಮುಂಚೆ ಕೇಳಿಬರುವ ಪಿಪ್ ಸದ್ದುಗಳು ಮನೆಯ ಗೋಡೆ ಗಡಿಯಾರಕ್ಕೆ ಯಾವ ಕೆಲಸ ಮಾಡುತ್ತಿದ್ದುವೋ ಅದನ್ನೇ ಎಟಿಎ ಪ್ರಯೋಗಾಲಯಗಳಿಗೂ ಕ್ಷೇತ್ರಕಾರ್ಯದ ಶಿಬಿರಗಳಿಗೂ ದಿನವಿಡೀ ಮಾಡುತ್ತಿತ್ತು. (ಇಂದು ಮೊಬೈಲಿನ ಆ್ಯಪ್ ಮೂಲಕ ಆಕಾಶವಾಣಿ ಕೇಳುವವರು ಆ ಪಿಪ್‌ಗೆ ಗಡಿಯಾರ ಹೊಂದಿಸಬಾರದು, ಧ್ವನಿಯನ್ನು ತುಂಡುತುಂಡಾಗಿ ಕಟ್ಟಿ ಅಂತರ್ಜಾಲದಲ್ಲಿ ಕಳಿಸಿ ಬಿಚ್ಚುವಷ್ಟರಲ್ಲಿ ಅದು ಹಲವು ಸೆಕೆಂಡು ತಡವಾಗಿರುತ್ತದೆ.)

ಶಾರ್ಟ್‌ವೇವ್ ಅಲೆ ದೆಹಲಿಯಿಂದ ಮಾರಿಕಣಿವೆಯವರೆಗೆ ನೆಲಕ್ಕೆ ಅಂಟಿಕೊಂಡು ಬರುವುದಿಲ್ಲ. ಸೂರ್ಯನ ಕಿರಣಗಳು ವಾತಾವರಣದ ಮೇಲ್ಭಾಗದ ಅನಿಲವನ್ನು ವಿದ್ಯುದಾವೇಶದ ಕಣಗಳಾಗಿ ಒಡೆಯುವುದರಿಂದ ಉಂಟಾಗುವ ಅಯಾನುಗೋಳಕ್ಕೆ ತಾಗಿ, ಬಾಗಿ, ನೆಲಕ್ಕೆ ಇಳಿಯುತ್ತದೆ. ದೆಹಲಿಯಿಂದ ಹಿರಿಯೂರಿಗೆ ನೇರ ದೂರ ಸುಮಾರು 1630 ಕಿಲೋಮೀಟರಾದ್ದರಿಂದ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನಂತೆ ಸಾಗುವ ಅಲೆಗೆ ನೇರವಾಗಿ ಬಂದಿದ್ದರೆ 5.4 ಮಿಲಿಸೆಕೆಂಡು ಸಾಕಾಗುತ್ತಿತ್ತು. 300 ಕಿಲೋಮೀಟರು ಎತ್ತರಕ್ಕೆ ಏರಿ ಇಳಿಯುವುದರಿಂದ ಸುಮಾರು 5.9 ಮಿಲಿಸೆಕೆಂಡು ಬೇಕಾಗುತ್ತದೆ. ನಡುವೆ ಒಮ್ಮೆ ನೆಲಕ್ಕೆ ಬಡಿದು ಮತ್ತೊಮ್ಮೆ ಮೇಲಕ್ಕೆ ಹಾರಿ ಬಂದ ಅಲೆಗೆ 6.9 ಮಿಲಿಸೆಕೆಂಡು ಹಿಡಿಯುತ್ತದೆ. ಕೆಲವು ಹೊತ್ತಿನಲ್ಲಿ ಎರಡೂ ದಾರಿಯ ಅಲೆಗಳು ಒಟ್ಟಿಗೆ ಬಂದು, ಒಂದನ್ನೊಂದು ಕೆಡಿಸಿ, ಸದ್ದು ಏರುತ್ತ ಇಳಿಯುತ್ತ ಹೋಗುವುದನ್ನು ಶಾರ್ಟ್‌ವೇವ್ ಕೇಳಿದವರೆಲ್ಲ ಬಲ್ಲರು. ಹಗಲಿನಿಂದ ಇರುಳಿಗೆ ಅಯಾನುಗೋಳದ ಎತ್ತರವೂ ಸಾಂದ್ರತೆಯೂ ಬದಲಾಗುವುದರಿಂದ 10 ಮೆಗಾಹರ್ಟ್ಸ್ ಕೇಳದ ಹೊತ್ತಿನಲ್ಲಿ 5 ಮೆಗಾಹರ್ಟ್ಸ್ ಕೇಳಬಹುದು. ಮೂರು ಕಂಪನಾಂಕಗಳನ್ನು ಇಟ್ಟುಕೊಂಡಿದ್ದರ ಉದ್ದೇಶವೇ ಇದು. ದೂರ ಗೊತ್ತಿರುವುದರಿಂದ ಸುಮಾರು 6 ಮಿಲಿಸೆಕೆಂಡುಗಳನ್ನು ಲೆಕ್ಕದಲ್ಲಿ ಕಳೆದುಬಿಟ್ಟರೆ ಉಳಿಯುವ ಅನಿಶ್ಚಿತತೆ ಒಂದು ಮಿಲಿಸೆಕೆಂಡಿನ ಆಸುಪಾಸು. ಸೆಕೆಂಡಿಗೆ ನೂರು ಅಳತೆ ಮಾಡುವ ಯಂತ್ರದಲ್ಲಿ ಎರಡು ಅಳತೆಗಳ ನಡುವೆಯೇ ಹತ್ತು ಮಿಲಿಸೆಕೆಂಡು ಇರುವುದರಿಂದ ಇದು ಧಾರಾಳವಾಗಿ ಸಾಕು.

ಕೇಳಿದ ಟಿಕ್ಕನ್ನು ಕಂಪ್ಯೂಟರಿಗೆ ತಿಳಿಸುವ ಬಗೆಗಳಲ್ಲಿ ಅತ್ಯಂತ ಒರಟಾದದ್ದು, ನಿಮಿಷದ ಸದ್ದು ಕೇಳಿದೊಡನೆ ಕೀಲಿಯೊಂದನ್ನು ಒತ್ತುವುದು. ಮನುಷ್ಯನ ಕಿವಿಯಿಂದ ಬೆರಳಿಗೆ ಆಜ್ಞೆ ತಲುಪಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಬೇಕಾಗುವುದರಿಂದ, ಮತ್ತು ಆ ತಡ ಆಳಿಂದಾಳಿಗೆ ಬದಲಾಗುವುದರಿಂದ, ಇದು ದಿನಾಂಕವನ್ನೂ ನಿಮಿಷವನ್ನೂ ಸರಿಪಡಿಸಲು ಮಾತ್ರ ತಕ್ಕದ್ದು. ಒಳ್ಳೆಯ ಬಗೆಯೆಂದರೆ ರೇಡಿಯೊದ ಧ್ವನಿಯನ್ನೇ ಕಂಪನಮಾಪಕದ ಪಕ್ಕದ ಖಾಲಿ ದಾರಿಯೊಂದಕ್ಕೆ ಜೋಡಿಸಿ, ನೆಲದ ಅದುರಿನ ಜೊತೆಯಲ್ಲೇ ಬರೆಸುವುದು. ಆಗ ನೆಲವನ್ನೂ ಟಿಕ್ಕನ್ನೂ ಒಂದೇ ಹರಳು ಎಣಿಸುತ್ತದೆ, ಕಂಪ್ಯೂಟರಿನ ಗಡಿಯಾರ ಏನೆನ್ನುತ್ತದೆ ಎಂಬುದು ಅಪ್ರಸ್ತುತವಾಗುತ್ತದೆ. ಗೌರಿಬಿದನೂರಿನ ಟೇಪಿನಲ್ಲಿ ಸಮಯಕ್ಕೊಂದು ಜಾಡು ಬಿಟ್ಟದ್ದರ ಹಿಂದೆ ಇದ್ದದ್ದೂ ಇದೇ ವಿವೇಕ.

ಇಲ್ಲೊಂದು ತೊಡಕಿದೆ. ಸಾವಿರ ಹರ್ಟ್ಸ್ ನಾದವನ್ನು ಹಿಡಿಯಬೇಕಾದರೆ ಸೆಕೆಂಡಿಗೆ ಕನಿಷ್ಠ ಎರಡು ಸಾವಿರಕ್ಕಿಂತ ಹೆಚ್ಚು ಸಲ ಅಳೆಯಬೇಕೆಂಬುದು ಅಂಕೀಯ ದಾಖಲೆಯ ಮೂಲ ನಿಯಮ. ನೂರು ಸಲ ಅಳೆಯುವ ಯಂತ್ರಕ್ಕೆ ಆ ನಾದ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. ಆದ್ದರಿಂದ ಧ್ವನಿಯನ್ನು ಮೊದಲು ಸಾವಿರ ಹರ್ಟ್ಸಿನ ಸುತ್ತ ಮಾತ್ರ ಒಳಬಿಡುವ ಸೋಸುಮಂಡಲದ ಮೂಲಕ ಹಾಯಿಸಿ, ಡಯೋಡು ಮತ್ತು ಕೆಪಾಸಿಟರುಗಳಿಂದ ನಾದದ ಹೊರರೇಖೆಯನ್ನಷ್ಟೇ ಉಳಿಸಿಕೊಂಡು, ಸೆಕೆಂಡಿಗೊಂದು ಉಬ್ಬಾಗಿ ಬರೆಸುತ್ತಾರೆ. ಸೋಸುವಿಕೆ ಬಿಗಿಯಾದಷ್ಟೂ ಗದ್ದಲ ಕಡಿಮೆಯಾಗುತ್ತದೆ, ಆದರೆ ಉಬ್ಬು ಕಾಣಿಸಿಕೊಳ್ಳುವುದು ಅಷ್ಟಷ್ಟು ತಡವಾಗುತ್ತದೆ. ಈ ತಡವೂ ಹಲವು ಮಿಲಿಸೆಕೆಂಡು ಇರಬಹುದಾದ್ದರಿಂದ ಅದನ್ನು ಒಮ್ಮೆ ಪ್ರಯೋಗಾಲಯದಲ್ಲಿ ಅಳೆದು, ದೆಹಲಿಯ ದೂರದ ತಡದ ಜೊತೆ ಕೂಡಿಸಿ ಕಳೆಯಬೇಕು. ಧ್ವನಿ ಬಿಲ್ಲೆ ಇರುವ ಕಂಪ್ಯೂಟರಿನಲ್ಲಿ ಸೆಕೆಂಡಿಗೆ ಎಂಟು ಸಾವಿರ ಸಲ ಅಳೆಯುವುದು ಸುಲಭವಾದ್ದರಿಂದ ಈ ಸೋಸುವ ಕೆಲಸವೆಲ್ಲ ಲೆಕ್ಕವಾಗಿಯೇ ನಡೆಯುತ್ತದೆ. ಅಂತರ್ಜಾಲದ ಕಂಪ್ಯೂಟರುಗಳ ಗಡಿಯಾರಗಳನ್ನು ಹೊಂದಿಸುವ ಎನ್‌ಟಿಪಿ ವ್ಯವಸ್ಥೆಯನ್ನು ರೂಪಿಸಿದ ಅಮೆರಿಕದ ಡೇವಿಡ್ ಮಿಲ್ಸ್, ಅಲ್ಲಿನ ಡಬ್ಲ್ಯುಡಬ್ಲ್ಯುವಿ ಎಂಬ ಶಾರ್ಟ್‌ವೇವ್ ಸಮಯ ಕೇಂದ್ರದ ಧ್ವನಿಯನ್ನು ಹೀಗೆ ಓದುವ ತಂತ್ರಾಂಶವನ್ನೂ ಬರೆದು ಅದಕ್ಕೆ ಸೇರಿಸಿದ್ದರು.

ಒಂದೊಂದು ಟಿಕ್ಕನ್ನು ನಂಬಿ ಕೆಲಸ ನಡೆಯುವುದಿಲ್ಲ. ಸಿಡಿಲು, ಪಂಪುಸೆಟ್ಟಿನ ಸ್ಟಾರ್ಟರು, ವಿದ್ಯುತ್ ತಂತಿಯ ಕಿಡಿ ಎಲ್ಲವೂ ರೇಡಿಯೊದಲ್ಲಿ ಟಿಕ್ಕಿನಂತೆಯೇ ಕೇಳುತ್ತವೆ. ಅದಕ್ಕಾಗಿ ಒಂದು ನಿಮಿಷದ ದಾಖಲೆಯನ್ನು ಅರವತ್ತು ತುಂಡು ಮಾಡಿ, ಒಂದರ ಮೇಲೊಂದು ಇಟ್ಟು ಕೂಡಿಸಲಾಗುತ್ತದೆ. ಜಾತ್ರೆಯ ಗದ್ದಲದಲ್ಲೂ ಒಂದೇ ಸಮನೆ ಬೀಳುವ ತಮಟೆಯ ಪೆಟ್ಟು ಕಿವಿಗೆ ಬೇರೆಯಾಗಿ ಸಿಗುವಂತೆ, ಪ್ರತಿ ಸೆಕೆಂಡಿನಲ್ಲೂ ಅದೇ ಜಾಗದಲ್ಲಿ ಬೀಳುವ ಟಿಕ್ಕು ಬೆಳೆಯುತ್ತದೆ, ಎಲ್ಲೆಂದರಲ್ಲಿ ಬೀಳುವ ಗದ್ದಲ ಕರಗುತ್ತದೆ. ಅರವತ್ತು ತುಂಡುಗಳನ್ನು ಕೂಡಿಸಿದರೆ ಗದ್ದಲಕ್ಕೆ ಹೋಲಿಸಿದಂತೆ ಟಿಕ್ಕಿನ ಬಲ ಅರವತ್ತರ ವರ್ಗಮೂಲದಷ್ಟು, ಎಂದರೆ ಏಳೂಮುಕ್ಕಾಲು ಪಟ್ಟು ಹೆಚ್ಚುತ್ತದೆ. ಇಷ್ಟಾದರೂ ತಿಳಿಯುವುದು ಸೆಕೆಂಡು ಎಲ್ಲಿ ಆರಂಭವಾಗುತ್ತದೆ ಎಂಬುದು ಮಾತ್ರ. ಅದು ಯಾವ ಸೆಕೆಂಡು ಎಂಬುದನ್ನು ನಿಮಿಷದ ಉದ್ದ ಸದ್ದಿನಿಂದಲೂ, ಯಾವ ನಿಮಿಷ ಎಂಬುದನ್ನು ಕೇಂದ್ರ ಕಳಿಸುವ ಮಾತು ಅಥವಾ ಮೋರ್ಸ್ ಸಂಕೇತದಿಂದಲೋ ಕೈಗಡಿಯಾರದಿಂದಲೋ ತಿಳಿಯಬೇಕು. ಹಳೆಯ ದಾಖಲೆಗಳಲ್ಲಿ ಕಾಣಬಹುದಾದ ತಪ್ಪುಗಳಲ್ಲಿ ಸರಿಯಾಗಿ ಒಂದು ನಿಮಿಷದ ತಪ್ಪು ಒಂದು ಜಾತಿ. ಮಿಲಿಸೆಕೆಂಡಿನ ಮೇಲೆ ಕಣ್ಣಿಟ್ಟವರು ನಿಮಿಷವನ್ನು ನೋಡದೆ ಬಿಡುವುದು ಮನುಷ್ಯ ಸ್ವಭಾವವೇ ಇರಬೇಕು.

10 ಮೆಗಾಹರ್ಟ್ಸಿನಲ್ಲಿ ಇನ್ನೊಂದು ಅಪಾಯವಿದೆ: ಅದೇ ಕಂಪನಾಂಕವನ್ನು ಅಮೆರಿಕದ ಡಬ್ಲ್ಯುಡಬ್ಲ್ಯುವಿ, ಹವಾಯಿ ದ್ವೀಪದ ಡಬ್ಲ್ಯುಡಬ್ಲ್ಯುವಿಎಚ್, ಚೀನಾದ ಬಿಪಿಎಂ, 2001ರವರೆಗೆ ಜಪಾನಿನ ಜೆಜೆವೈ ಕೂಡ ಬಳಸುತ್ತಿದ್ದುವು. ಅಲೆ ಚೆನ್ನಾಗಿ ಹರಿಯುವ ರಾತ್ರಿಯಲ್ಲಿ ಒಂದು ಸೆಕೆಂಡಿನೊಳಗೆ ಎರಡು ಟಿಕ್ಕು ಕೇಳಿದರೆ ಯಾವುದು ದೆಹಲಿಯದು ಎಂದು ತೀರ್ಮಾನಿಸುವುದು ಸುಲಭವಿರಲಿಲ್ಲ. ಎಟಿಎ ಈಗ ಮೌನವಾಗಿರುವುದರಿಂದ ದಕ್ಷಿಣ ಭಾರತದಲ್ಲಿ ಈ ಬಗೆಯ ಸಂಕೇತ ಹುಡುಕುವವರಿಗೆ ಸುಮಾರು 4000 ಕಿಲೋಮೀಟರು ದೂರದ ಬಿಪಿಎಂ, 9996 ಕಿಲೋಹರ್ಟ್ಸಿನಲ್ಲಿ ಬೇರೆಯಾಗಿಯೇ ಕೇಳುವ ಮಾಸ್ಕೋದ ಆರ್‌ಡಬ್ಲ್ಯುಎಂ ಮುಂತಾದವೇ ಆಸರೆ. ಬಿಪಿಎಂ ತನ್ನ ಟಿಕ್ಕುಗಳನ್ನು ಅಂತರರಾಷ್ಟ್ರೀಯ ಸಮಯಕ್ಕಿಂತ 20 ಮಿಲಿಸೆಕೆಂಡು ಮುಂಚಿತವಾಗಿ ಬಿಡುತ್ತದೆ. ಅದಲ್ಲದೆ ಅರ್ಧಗಂಟೆಯ ಕೆಲವು ನಿಮಿಷಗಳಲ್ಲಿ ಪರಮಾಣು ಗಡಿಯಾರದ ಸಮಯದ ಬದಲು ಭೂಮಿಯ ತಿರುಗುವಿಕೆಯನ್ನು ಅನುಸರಿಸುವ ಸಮಯವನ್ನು ಕೊಡುತ್ತದೆ. ಇದನ್ನು ತಿಳಿಯದೆ ಹಿಡಿದವರ ಗಡಿಯಾರ ಸೆಕೆಂಡಿನ ದೊಡ್ಡ ಭಾಗದಷ್ಟೇ ತಪ್ಪಿ ಕೂರಬಹುದು.

ಇಷ್ಟೆಲ್ಲ ಮಾಡಿ ಸರಿಯಾದ ಸೆಕೆಂಡು ಸಿಕ್ಕ ಮೇಲೆ ಅದರಿಂದ ಏನು ಮಾಡಬೇಕು ಎಂಬಲ್ಲಿಯೇ ಅನುಭವಿಗಳೂ ಹೊಸಬರೂ ಬೇರೆಯಾಗುವುದು. ಹೊಸಬರು ಕಂಪ್ಯೂಟರಿನ ಗಡಿಯಾರವನ್ನು ಕೂಡಲೇ ತಿದ್ದುತ್ತಾರೆ. ಗಡಿಯಾರವನ್ನು ಒಂದೇ ಏಟಿಗೆ ಎರಡು ಸೆಕೆಂಡು ಹಿಂದಕ್ಕೆ ತಳ್ಳಿದರೆ ದಾಖಲೆಯಲ್ಲಿ ಅದೇ ಎರಡು ಸೆಕೆಂಡುಗಳು ಎರಡು ಸಲ ಬರುತ್ತವೆ, ಮುಂದಕ್ಕೆ ತಳ್ಳಿದರೆ ಇಲ್ಲದ ಖಾಲಿ ಹುಟ್ಟುತ್ತದೆ. ಯಾವಾಗ, ಎಷ್ಟು ತಳ್ಳಲಾಯಿತೆಂಬ ಬರಹವಿಲ್ಲದಿದ್ದರೆ ಹಿಂದಿನ ಇಡೀ ವಾರದ ದಾಖಲೆಯನ್ನು ಸರಿಪಡಿಸುವ ದಾರಿಯೇ ಮುಚ್ಚಿಹೋಗುತ್ತದೆ. ವೀಕ್ಷಣಾಲಯಗಳ ರೂಢಿ ಇದಕ್ಕೆ ವಿರುದ್ಧ: ಗಡಿಯಾರವನ್ನು ಅದರ ಪಾಡಿಗೆ ಓಡಲು ಬಿಟ್ಟು, ಬೆಳಿಗ್ಗೆಯೂ ಸಂಜೆಯೂ ಅದು ರೇಡಿಯೊ ಸಮಯಕ್ಕಿಂತ ಎಷ್ಟು ಹಿಂದೆ, ಎಷ್ಟು ಮುಂದೆ ಇದೆ ಎಂದು ಪುಸ್ತಕದಲ್ಲಿ ಬರೆಯುವುದು. ಬೆಳಿಗ್ಗೆ ಆರಕ್ಕೆ 420 ಮಿಲಿಸೆಕೆಂಡು, ಸಂಜೆ ಆರಕ್ಕೆ 780 ಮಿಲಿಸೆಕೆಂಡು ಹಿಂದೆ ಬಿದ್ದಿದ್ದ ಗಡಿಯಾರ ನಡುಹಗಲಿನಲ್ಲಿ ಸುಮಾರು 600 ಮಿಲಿಸೆಕೆಂಡು ಹಿಂದಿತ್ತೆಂದು ಗೆರೆಯೆಳೆದು ಹೇಳಬಹುದು, ಮತ್ತು ಆ ಹೊತ್ತಿನ ಕಂಪನದ ಸಮಯಕ್ಕೆ ಅಷ್ಟನ್ನು ಕೂಡಿಸಬಹುದು. ಹಗಲಿನ ಬಿಸಿಲಿಗೆ ಆ ಗೆರೆ ಬಾಗುತ್ತದೆಯಾದ್ದರಿಂದ ಮಧ್ಯಾಹ್ನವೂ ಒಂದು ಅಳತೆ ಇದ್ದರೆ ಇನ್ನೂ ಒಳ್ಳೆಯದು. ಸರಿಯಾಗಿ ಓಡುವ ಗಡಿಯಾರಕ್ಕಿಂತ ತಪ್ಪನ್ನು ಅಳೆದಿಟ್ಟ ಗಡಿಯಾರ ಮೇಲೆಂದರೆ ಅತಿಶಯವಾಗದು, ಏಕೆಂದರೆ ಮೊದಲನೆಯದು ಸರಿಯಾಗಿತ್ತು ಎಂಬುದಕ್ಕೆ ಸಾಕ್ಷ್ಯ ಉಳಿದಿರುವುದಿಲ್ಲ. ತಿದ್ದಲೇಬೇಕಾದಲ್ಲಿ ಇಂದಿನ ತಂತ್ರಾಂಶಗಳು ಗಡಿಯಾರವನ್ನು ನೆಗೆಸದೆ, ಅದರ ಓಟವನ್ನು ಚೂರುಚೂರೇ ಹೆಚ್ಚುಕಡಿಮೆ ಮಾಡಿ ದಾರಿಗೆ ತರುತ್ತವೆ.

1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪವಾದ ಬಳಿಕ ದೇಶದ ಕಂಪನ ಕೇಂದ್ರಗಳಿಗೆ ಅಂಕೀಯ ಯಂತ್ರಗಳೂ ಅವುಗಳ ಜೊತೆಗೆ ಜಿಪಿಎಸ್ ಗಡಿಯಾರಗಳೂ ಬಂದುವು. ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳಿಂದ ಹೊರಡುವ ಸಂಕೇತ ಮಿಲಿಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ನಿಖರವಾದ್ದರಿಂದ ಶಾರ್ಟ್‌ವೇವ್ ಪೆಟ್ಟಿಗೆಗಳು ಮೂಲೆ ಸೇರಿದ್ದು ಸಹಜ. ಭಾರತದ್ದೇ ಆದ ನಾವಿಕ್ ಉಪಗ್ರಹಗಳ ಸಮಯವನ್ನು ಕಾಯುವ ಇಸ್ರೊ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಆದರೂ ಜಿಪಿಎಸ್ ಎಂದರೆ ತಪ್ಪೇ ಇಲ್ಲ ಎಂದುಕೊಳ್ಳುವಂತಿಲ್ಲ. ಅದರ ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 1024 ತಲುಪಿದಾಗ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 1999ರ ಆಗಸ್ಟ್ ಮತ್ತು 2019ರ ಏಪ್ರಿಲ್‌ನಲ್ಲಿ ಹೀಗಾದಾಗ, ಇದಕ್ಕೆ ಸಿದ್ಧವಾಗಿರದ ಗ್ರಾಹಕ ಯಂತ್ರಗಳು ದಿನಾಂಕವನ್ನು ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಒಯ್ದುವು. ಆಂಟೆನಾದ ತಂತಿ ಕಡಿದು ತಿಂಗಳಾದರೂ ಯಂತ್ರ ತನ್ನ ಹರಳಿನ ಸಮಯವನ್ನೇ ಮುದ್ರಿಸುತ್ತ ಹೋಗಬಹುದು. ಬೇರೊಂದು ಮೂಲದಿಂದ ಬಂದ ಟಿಕ್ಕು ವಾರಕ್ಕೊಮ್ಮೆಯಾದರೂ ದಾಖಲೆಯ ಪಕ್ಕದ ದಾರಿಯಲ್ಲಿ ಬಿದ್ದಿದ್ದರೆ ಇಂಥದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ.

ಕೊನೆಗೆ ಉಳಿಯುವುದು ಆ ಸಮಯಕ್ಕೆ ಯಾವ ಹೆಸರು ಕೊಡಬೇಕು ಎಂಬ ಪ್ರಶ್ನೆ. ಮಾರಿಕಣಿವೆಯ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲೇ, 1906ರ ಜನವರಿ 1ರಿಂದ, 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ಭಾರತದ ಸಮಯವೆಂದು ಜಾರಿಗೆ ಬಂತು. ಅದಕ್ಕೆ ಮುಂಚೆ ರೈಲುಗಳು ಓಡುತ್ತಿದ್ದ ಮದರಾಸು ಸಮಯ ಅದಕ್ಕಿಂತ ಸುಮಾರು 9 ನಿಮಿಷ ಹಿಂದಿತ್ತು, ಮಾರಿಕಣಿವೆಯ ಸೂರ್ಯನಂತೂ ಸರಾಸರಿ 24 ನಿಮಿಷ ಹಿಂದಿದ್ದಾನೆ. ಕಂಪನದ ದಾಖಲೆಗಳು ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯದಲ್ಲಿ ಇರುವುದರಿಂದ, ಹೊಳಲ್ಕೆರೆಯಲ್ಲಿ ನಡುರಾತ್ರಿ ದಾಟಿ ಬೆಳಗಿನ ಐದೂವರೆಯವರೆಗೆ ಆದದ್ದೆಲ್ಲ ಹಿಂದಿನ ದಿನಾಂಕದ ಕಡತದಲ್ಲಿ ಸಿಗುತ್ತದೆ. ಭೂಮಿಯ ತಿರುಗುವಿಕೆಗೆ ಹೊಂದಿಸಲು 1972ರಿಂದ ಆ ಸಮಯಕ್ಕೆ ಇಪ್ಪತ್ತೇಳು ಸಲ ಒಂದೊಂದು ಸೆಕೆಂಡನ್ನು ಸೇರಿಸಲಾಗಿದ್ದು, ಕೊನೆಯ ಸಲ ಅದು ನಮ್ಮಲ್ಲಿ ಬಂದದ್ದು 2017ರ ಜನವರಿ 1ರ ಬೆಳಗಿನ ಜಾವ, 5 ಗಂಟೆ 29 ನಿಮಿಷ 60ನೆಯ ಸೆಕೆಂಡಾಗಿ. ಅರವತ್ತೊಂದು ಸೆಕೆಂಡುಗಳ ನಿಮಿಷವನ್ನು ಒಪ್ಪಿಕೊಳ್ಳದ ದಾಖಲೆ ಯಂತ್ರಗಳಲ್ಲಿ ಅಂದಿನಿಂದ ಮುಂದಿನ ತಿದ್ದುವಿಕೆಯವರೆಗಿನ ಪ್ರತಿ ಅಳತೆಯೂ ಒಂದು ಸೆಕೆಂಡು, ಅಂದರೆ ಬಂಡೆಯ ಲೆಕ್ಕದಲ್ಲಿ 6 ಕಿಲೋಮೀಟರು, ಆಚೀಚೆಯಾಗಿರುತ್ತದೆ. 2035ರ ಒಳಗೆ ಈ ಪದ್ಧತಿಯನ್ನು ಕೈಬಿಡಲು ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ 2022ರಲ್ಲಿ ತೀರ್ಮಾನಿಸಿದೆ. ಅಲ್ಲಿಯವರೆಗೆ, ಯಂತ್ರ ಆ ಸೆಕೆಂಡನ್ನು ಎಣಿಸಿತೋ ನುಂಗಿತೋ ಎಂಬುದನ್ನು ಕಡತದ ಮೊದಲ ಸಾಲಿನಲ್ಲೇ ನಮೂದಿಸಬೇಕಾಗುತ್ತದೆ.